ಸಾವಳಗಿಯಿಂದ ರಾಷ್ಟ್ರಪತಿ ಭವನದವರೆಗೆ: ಬಿ.ಡಿ. ಜತ್ತಿಯವರ ರಾಜಕೀಯ ಜೀವನದ ಮರುಪರಿಶೀಲನೆ

೧. ಪೀಠಿಕೆ

ಆಧುನಿಕ ಕರ್ನಾಟಕದ ರಾಜಕೀಯ ಚರಿತ್ರೆಯನ್ನು ಕುರಿತ ಕನ್ನಡ ಬರಹಗಳಲ್ಲಿ ವ್ಯಕ್ತಿಚಿತ್ರಗಳಿಗೆ ಕೊರತೆಯಿಲ್ಲ. ಆದರೆ ಅವುಗಳಲ್ಲಿ ಬಹುಪಾಲು ಅಭಿನಂದನ ಗ್ರಂಥಗಳಿಗಾಗಿ ಅಥವಾ ಸಂಸ್ಮರಣ ಸಂಪುಟಗಳಿಗಾಗಿ ಬರೆದವು. ಉಳಿದವು ಪಕ್ಷಗಳ ವಾಗ್ವಾದದ ನಡುವೆ ಹುಟ್ಟಿದ ಖಂಡನೆಗಳು. ಎರಡರಲ್ಲಿಯೂ ವ್ಯಕ್ತಿಯ ಬಗೆಗಿನ ತೀರ್ಮಾನ ಮೊದಲೇ ಆಗಿಹೋಗಿರುತ್ತದೆ. ಸಂಗತಿಗಳು ಆ ತೀರ್ಮಾನವನ್ನು ಹಿಂಬಾಲಿಸುತ್ತವೆ.

ಮಧ್ಯಕಾಲೀನ ಶಾಸನಗಳನ್ನು ಅಭ್ಯಾಸ ಮಾಡುವವರಿಗೆ ಇದು ಪರಿಚಿತವಾದ ತೊಡಕು. ಸಾಮಾನ್ಯವಾಗಿ ಒಂದು ದಾನಶಾಸನದಲ್ಲಿ ಚಕ್ರವರ್ತಿಯ ಬಿರುದುಗಳೂ ಅವನ ಕೆಳಗೆ ನಾಡನ್ನಾಳುವ ಮಂಡಲೇಶ್ವರನ ಪ್ರಶಸ್ತಿಯೂ ಮೊದಲು ಬರುತ್ತವೆ. ಆಮೇಲೆ ದತ್ತಿಯ ವಿವರಗಳು ಬರುತ್ತವೆ: ಎಷ್ಟು ಮತ್ತರು ಭೂಮಿ, ಯಾವ ಹಳ್ಳದ ಪಡುವಲು, ಯಾರ ಕೈಯಿಂದ, ಯಾರಿಗೆ. ಪ್ರಶಸ್ತಿಯಿಂದ ಆ ಕಾಲದ ಆದರ್ಶಗಳು ತಿಳಿಯುತ್ತವೆ. ನಡೆದ ಸಂಗತಿಗೆ ದತ್ತಿಯ ಸಾಲುಗಳನ್ನೇ ಆಶ್ರಯಿಸಬೇಕಾಗುತ್ತದೆ. ನಮ್ಮ ಕಾಲದ ರಾಜಕಾರಣಿಗಳ ವಿಷಯದಲ್ಲಿಯೂ ಈ ಕ್ರಮ ಉಪಯುಕ್ತವೆಂದು ತೋರುತ್ತದೆ. ಹೊಗಳಿಕೆ ತೆಗಳಿಕೆಗಳನ್ನು ಬದಿಗಿರಿಸಿ, ಅವರು ಯಾವ ಕಾಗದಕ್ಕೆ, ಯಾವಾಗ, ಯಾವ ಅಧಿಕಾರದಿಂದ ಒಪ್ಪ ಹಾಕಿದರು ಎಂಬುದನ್ನು ನೋಡಬೇಕು.

ಪ್ರಸ್ತುತ ಲೇಖನ ಬಸಪ್ಪ ದಾನಪ್ಪ ಜತ್ತಿಯವರ (೧೯೧೨–೨೦೦೨) ರಾಜಕೀಯ ಜೀವನವನ್ನು ಈ ದೃಷ್ಟಿಯಿಂದ ಪರಿಶೀಲಿಸುವ ಒಂದು ಪ್ರಯತ್ನ. ಪುರಸಭೆಯ ಸದಸ್ಯತ್ವದಿಂದ ಹಂಗಾಮಿ ರಾಷ್ಟ್ರಪತಿಯ ಪೀಠದವರೆಗೆ ಅವರು ಏರಿದ ಮೆಟ್ಟಿಲುಗಳ ಪಟ್ಟಿ ಎಲ್ಲ ಕೈಪಿಡಿಗಳಲ್ಲಿಯೂ ದೊರೆಯುತ್ತದೆ. ಆ ಮೆಟ್ಟಿಲುಗಳನ್ನು ಒಂದಕ್ಕೊಂದು ಜೋಡಿಸಿದ ರಾಜಕೀಯ ಸ್ವಭಾವ ಯಾವುದು, ೧೯೭೭ರ ಏಪ್ರಿಲ್ ತಿಂಗಳ ಕೊನೆಯಲ್ಲಿ ದೆಹಲಿಯಲ್ಲಿ ಆ ಸ್ವಭಾವ ಎದುರಿಸಿದ ಪರೀಕ್ಷೆಯ ಅರ್ಥವೇನು ಎಂಬ ಪ್ರಶ್ನೆಗಳು ಮಾತ್ರ ಸಾಕಷ್ಟು ಚರ್ಚೆಯಾಗಿಲ್ಲ.

೨. ಸಂಸ್ಥಾನದ ಹಿನ್ನೆಲೆ

ಜತ್ತಿಯವರು ೧೯೧೨ರ ಸೆಪ್ಟೆಂಬರ್ ೧೦ರಂದು ಜಮಖಂಡಿ ಸಂಸ್ಥಾನದ ಸಾವಳಗಿಯಲ್ಲಿ ಜನಿಸಿದರು. ಕುಟುಂಬ ಲಿಂಗಾಯತ ಬಣಜಿಗರದು. ಜೀವನೋಪಾಯ ಕಿರಾಣಿ ವ್ಯಾಪಾರ. ಜಮೀನ್ದಾರಿಕೆಯ ಬಲವಾಗಲಿ, ದರಬಾರಿನ ಸಂಬಂಧವಾಗಲಿ ಅವರಿಗೆ ಹುಟ್ಟಿನಿಂದ ಬಂದುದಲ್ಲ.

ಜಮಖಂಡಿಯು ಪೇಶ್ವೆಗಳ ಕಾಲದಲ್ಲಿ ಮೇಲೆ ಬಂದ ಪಟವರ್ಧನ ಮನೆತನದ ಸಂಸ್ಥಾನಗಳಲ್ಲಿ ಒಂದು. ಅದರ ವಿಸ್ತೀರ್ಣ ಸುಮಾರು ೫೨೪ ಚದರ ಮೈಲಿ. ಆ ಭೂಭಾಗವೂ ಒಂದೆಡೆ ಇರಲಿಲ್ಲ; ಧಾರವಾಡದ ಕಡೆಯ ಕುಂದಗೋಳವೂ ಜಮಖಂಡಿಗೆ ಸೇರಿತ್ತು. ಅರಸುಮನೆತನದ ಭಾಷೆ ಮರಾಠಿ, ಪ್ರಜೆಗಳಲ್ಲಿ ಬಹುಸಂಖ್ಯಾತರ ಭಾಷೆ ಕನ್ನಡ. ೧೯೩೭ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಜಮಖಂಡಿಯಲ್ಲಿಯೇ ಸೇರಿತೆಂಬುದು ಅಲ್ಲಿನ ಕನ್ನಡ ಪ್ರಜ್ಞೆಯ ಎಚ್ಚರಕ್ಕೆ ಸಾಕ್ಷಿ. ತತ್ತ್ವಜ್ಞಾನಿ ಗುರುದೇವ ರಾನಡೆಯವರು ಹುಟ್ಟಿದ ಊರು ಇದೇ. ಚಿಕ್ಕದಾದರೂ ವಿದ್ಯೆಗೆ ಮನ್ನಣೆಯಿದ್ದ ಊರೆಂದು ಇದನ್ನು ಹೇಳಬಹುದು.

ಜತ್ತಿಯವರ ಕಾಲೇಜು ವಿದ್ಯಾಭ್ಯಾಸ ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿಯೂ ಕಾನೂನು ಪದವಿಯ ಅಭ್ಯಾಸ ಅಲ್ಲಿನ ಸೈಕ್ಸ್ ಕಾನೂನು ಕಾಲೇಜಿನಲ್ಲಿಯೂ ನಡೆಯಿತು. ಕೃಷ್ಣೆಯ ತೀರದ ಕನ್ನಡ ಸಂಸ್ಥಾನಗಳ ತರುಣರಿಗೆ ಆಗ ಕೊಲ್ಹಾಪುರ, ಸಾಂಗಲಿ, ಪುಣೆಗಳೇ ಹತ್ತಿರದ ವಿದ್ಯಾಕೇಂದ್ರಗಳು. ಮೈಸೂರು ಬೆಂಗಳೂರುಗಳು ದೂರದ ಬೇರೊಂದು ರಾಜ್ಯಕ್ಕೆ ಸೇರಿದ್ದವು. ಹೀಗಾಗಿ ಜತ್ತಿಯವರ ತಲೆಮಾರಿನ ಮುಂಬಯಿ ಕರ್ನಾಟಕದ ರಾಜಕಾರಣಿಗಳು ಎರಡು ಭಾಷೆಗಳ ನಡುವೆ ಬಾಳಿದವರು. ಅವರ ಕನ್ನಡಾಭಿಮಾನದಲ್ಲಿ ಮರಾಠಿ ಲೋಕದ ನಿಕಟ ಪರಿಚಯವೂ ಸೇರಿತ್ತು.

ಜಮಖಂಡಿಯಲ್ಲಿ ವಕೀಲಿಯನ್ನು ಆರಂಭಿಸಿದ ಜತ್ತಿಯವರು ೧೯೪೦ರಲ್ಲಿ ಪುರಸಭೆಯ ಸದಸ್ಯರಾದರು, ೧೯೪೫ರಲ್ಲಿ ಅದರ ಅಧ್ಯಕ್ಷರಾದರು. ಮುಂದೆ ಸಂಸ್ಥಾನದ ಶಾಸನಸಭೆಗೆ ಚುನಾಯಿತರಾಗಿ, ಮಂತ್ರಿಯಾಗಿ, ೧೯೪೮ರಲ್ಲಿ ದಿವಾನರಾದರು. ಕಿರಾಣಿ ವ್ಯಾಪಾರಿಯ ಮಗ ಪಟವರ್ಧನರ ಸಂಸ್ಥಾನದ ದಿವಾನಗಿರಿಗೆ ಬಂದುದು ಆ ಕಾಲಕ್ಕೆ ಸಣ್ಣ ಬದಲಾವಣೆಯಲ್ಲ. ಸಂಸ್ಥಾನಗಳಲ್ಲಿ ಪ್ರಜಾಪರಿಷತ್ತುಗಳ ಚಳವಳಿ ಬಲಗೊಂಡ ಮೇಲೆ ಹಳೆಯ ದರಬಾರು ಹೊಸ ಜನರಿಗೆ ಸ್ಥಳಬಿಡಬೇಕಾಗಿ ಬಂದ ಪ್ರಕ್ರಿಯೆಯ ಭಾಗವದು.

ಈ ಚಳವಳಿ ಎಲ್ಲೆಡೆಯೂ ಒಂದೇ ರೀತಿಯಲ್ಲಿ ನಡೆಯಲಿಲ್ಲ. ನೆರೆಯ ರಾಮದುರ್ಗ ಸಂಸ್ಥಾನದಲ್ಲಿ ೧೯೩೯ರಲ್ಲಿ ಅರಸೊತ್ತಿಗೆಗೂ ಪ್ರಜೆಗಳಿಗೂ ನಡುವಿನ ಘರ್ಷಣೆ ರಕ್ತಪಾತದಲ್ಲಿ ಕೊನೆಗೊಂಡಿತ್ತು. ಜಮಖಂಡಿಯಲ್ಲಿ ಮಾತುಕತೆಯ ಮಾರ್ಗ ಉಳಿದುಕೊಂಡಿತು. ಅರಸರಾದ ಶಂಕರರಾವ್ ಪಟವರ್ಧನರಿಗೂ ದಿವಾನರಾದ ಜತ್ತಿಯವರಿಗೂ ಸೌಹಾರ್ದವಿತ್ತು. ೧೯೪೮ರ ಮಾರ್ಚ್ ೮ರಂದು ಜಮಖಂಡಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ವಿಲೀನವನ್ನು ಸಾಧಿಸುವುದರೊಂದಿಗೆ ಜತ್ತಿಯವರು ತಾವು ದಿವಾನರಾಗಿದ್ದ ರಾಜ್ಯವನ್ನೂ ಆ ಪದವಿಯನ್ನೂ ಒಟ್ಟಿಗೆ ಕೊನೆಗಾಣಿಸಿದರು. ಅನಂತರ ಸುಮಾರು ಇಪ್ಪತ್ತು ತಿಂಗಳು ಅವರು ಮತ್ತೆ ವಕೀಲರಾಗಿದ್ದರು.

ಇಲ್ಲಿ ಒಂದು ಸಂಗತಿಯನ್ನು ಗುರುತಿಸಿಕೊಳ್ಳುವುದು ಅವಶ್ಯಕ. ಇರುವ ವ್ಯವಸ್ಥೆಯ ಚೌಕಟ್ಟಿನೊಳಗೇ ಕೆಲಸಮಾಡುವುದು, ಮೇಲಿನ ಅಧಿಕಾರದೊಡನೆ ಸಂಬಂಧ ಕೆಡಿಸಿಕೊಳ್ಳದಿರುವುದು, ಚೌಕಟ್ಟು ಬದಲಾದಾಗ ಗದ್ದಲವಿಲ್ಲದೆ ಹೊಸದಕ್ಕೆ ಸಾಗುವುದು ಎಂಬ ಕ್ರಮವನ್ನು ಜತ್ತಿಯವರು ಜಮಖಂಡಿಯಲ್ಲಿಯೇ ರೂಢಿಸಿಕೊಂಡಂತೆ ಕಾಣುತ್ತದೆ. ಅವರ ಮುಂದಿನ ಏಳಿಗೆಯಲ್ಲಿ ಈ ಗುಣದ ಪಾಲಿದೆ. ಅವರ ಮೇಲಿನ ಆಕ್ಷೇಪಗಳಲ್ಲಿಯೂ ಇದರ ಪಾಲಿದೆ.

೩. ಮುಂಬಯಿಯ ಅವಧಿ

ವಿಲೀನಗೊಂಡ ಪ್ರದೇಶದ ಪ್ರತಿನಿಧಿಯಾಗಿ ಜತ್ತಿಯವರನ್ನು ಮುಂಬಯಿ ವಿಧಾನಸಭೆಗೆ ನಾಮಕರಣ ಮಾಡಲಾಯಿತು. ಒಂದು ವಾರದೊಳಗೆ ಅವರು ಮುಖ್ಯಮಂತ್ರಿ ಬಿ.ಜಿ. ಖೇರ್ ಅವರ ಸಂಸದೀಯ ಕಾರ್ಯದರ್ಶಿಯಾದರು. ೧೯೫೨ರ ಚುನಾವಣೆಯ ತರುವಾಯ ಮೊರಾರ್ಜಿ ದೇಸಾಯಿಯವರ ಸರ್ಕಾರದಲ್ಲಿ ಆರೋಗ್ಯ ಮತ್ತು ಕಾರ್ಮಿಕ ಖಾತೆಗಳ ಉಪಮಂತ್ರಿಯಾಗಿ ರಾಜ್ಯ ಪುನರ್ವಿಂಗಡಣೆಯವರೆಗೂ ಮುಂದುವರಿದರು. ಮೊರಾರ್ಜಿಯವರ ಕೈಕೆಳಗೆ ಪಡೆದ ಈ ಅನುಭವವನ್ನು ೧೯೭೭ರ ಪ್ರಸಂಗದಲ್ಲಿ ಮತ್ತೆ ನೆನೆಯಬೇಕಾಗುತ್ತದೆ.

ಈ ಅವಧಿಯ ಮತ್ತೊಂದು ಫಲ ಗೇಣಿ ಶಾಸನಗಳ ಪರಿಚಯ. ೧೯೪೮ರ ಮುಂಬಯಿ ಗೇಣಿ ಮತ್ತು ಕೃಷಿಭೂಮಿ ಕಾಯಿದೆಯು ಆ ಕಾಲದ ವಿಸ್ತಾರವಾದ ಗೇಣಿ ಕಾನೂನುಗಳಲ್ಲಿ ಒಂದು. ಅದು ಜಾರಿಯಲ್ಲಿದ್ದ ಪ್ರಾಂತದಲ್ಲಿ ವಕೀಲರಾಗಿಯೂ ಶಾಸಕರಾಗಿಯೂ ಇದ್ದ ಜತ್ತಿಯವರಿಗೆ ಗೇಣಿದಾರ ಮತ್ತು ಒಡೆಯರ ವ್ಯಾಜ್ಯಗಳ ಸ್ವರೂಪ ತಿಳಿದಿತ್ತು.

೪. ವಿಶಾಲ ಮೈಸೂರಿನಲ್ಲಿ

೧೯೫೬ರ ನವೆಂಬರ್ ೧ರಂದು ರೂಪುಗೊಂಡ ಮೈಸೂರು ರಾಜ್ಯ ಐದು ಆಡಳಿತ ಪರಂಪರೆಗಳ ಕೂಡಲಾಗಿತ್ತು. ಹಳೆಯ ಮೈಸೂರು, ಮುಂಬಯಿ ಕರ್ನಾಟಕ, ಹೈದರಾಬಾದ್ ಕರ್ನಾಟಕ, ಮದರಾಸಿನಿಂದ ಬಂದ ಭಾಗಗಳು ಮತ್ತು ಕೊಡಗು ಇವುಗಳಿಗೆ ಪ್ರತ್ಯೇಕ ಕಾನೂನುಗಳೂ ಕಂದಾಯ ಪದ್ಧತಿಗಳೂ ನೌಕರವರ್ಗಗಳೂ ಇದ್ದವು. ಭಾಷೆ ಒಂದಾದರೂ ಕಡತಗಳು ಒಂದಾಗಿರಲಿಲ್ಲ. ಏಕೀಕರಣದ ಭಾವುಕ ಚರಿತ್ರೆಯನ್ನು ನಾವು ಸಾಕಷ್ಟು ಬರೆದುಕೊಂಡಿದ್ದೇವೆ. ಕಡತಗಳ ಏಕೀಕರಣದ ಚರಿತ್ರೆಗೆ ದೊರೆತ ಗಮನ ಕಡಿಮೆ. ಜತ್ತಿಯವರ ಕಾರ್ಯ ಮುಖ್ಯವಾಗಿ ಈ ಎರಡನೆಯ ಚರಿತ್ರೆಗೆ ಸೇರಿದುದು.

ಭೂಮಿಯ ವಿಷಯದಲ್ಲಿ ಈ ಭಿನ್ನತೆ ತೀವ್ರವಾಗಿತ್ತು. ಮುಂಬಯಿ ಭಾಗದಲ್ಲಿ ೧೯೪೮ರ ಕಾಯಿದೆ, ಹೈದರಾಬಾದ್ ಭಾಗದಲ್ಲಿ ೧೯೫೦ರ ಕಾಯಿದೆ, ಹಳೆಯ ಮೈಸೂರಿನಲ್ಲಿ ೧೯೫೨ರ ಕಾಯಿದೆ, ಮದರಾಸು ಭಾಗದಲ್ಲಿ ೧೯೫೫ರ ಸಾಗುವಳಿದಾರರ ರಕ್ಷಣಾ ಕಾಯಿದೆ, ಕೊಡಗಿನಲ್ಲಿ ೧೯೫೭ರ ಕಾಯಿದೆ ಜಾರಿಯಲ್ಲಿದ್ದವು. ಒಂದೇ ರಾಜ್ಯದ ಇಬ್ಬರು ಗೇಣಿದಾರರಿಗೆ ಒಂದೇ ಬಗೆಯ ಹಕ್ಕು ಇರಲಿಲ್ಲ. ಇವೆಲ್ಲವನ್ನೂ ಪರಿಶೀಲಿಸಿ ಏಕರೂಪದ ಶಾಸನವನ್ನು ಸೂಚಿಸಲು ೧೯೫೭ರಲ್ಲಿ ರಚನೆಯಾದ ಸಮಿತಿಗೆ ಜತ್ತಿಯವರು ಅಧ್ಯಕ್ಷರಾದರು. ಜತ್ತಿ ಸಮಿತಿ ಎಂದೇ ಪ್ರಸಿದ್ಧವಾದ ಅದು ಅದೇ ವರ್ಷ ವರದಿಯನ್ನು ಒಪ್ಪಿಸಿತು.

೧೯೫೮ರಲ್ಲಿ ಪಕ್ಷದೊಳಗಿನ ಭಿನ್ನಮತದಿಂದಾಗಿ ಎಸ್. ನಿಜಲಿಂಗಪ್ಪನವರು ರಾಜೀನಾಮೆ ನೀಡಿದಾಗ, ಟಿ. ಸುಬ್ರಹ್ಮಣ್ಯ ಅವರಂಥ ಪ್ರಬಲರ ಸ್ಪರ್ಧೆಯನ್ನು ದಾಟಿ ಜತ್ತಿಯವರು ನಾಯಕರಾಗಿ ಆಯ್ಕೆಯಾದರು. ಮೇ ೧೬ರಂದು ಅಧಿಕಾರ ವಹಿಸಿಕೊಂಡರು. ಏಕೀಕೃತ ರಾಜ್ಯಕ್ಕೆ ಮುಂಬಯಿ ಕರ್ನಾಟಕದಿಂದ ಬಂದ ಮೊದಲ ಮುಖ್ಯಮಂತ್ರಿ ಅವರು. ಬೆಂಗಳೂರಿನ ಅಧಿಕಾರವಲಯಕ್ಕೆ ಅವರು ಬಹುಮಟ್ಟಿಗೆ ಹೊರಗಿನವರು.

೧೯೬೨ರ ಮಾರ್ಚ್‌ವರೆಗಿನ ಅವರ ಆಡಳಿತದಲ್ಲಿ ಮೂರು ಕ್ರಮಗಳು ಗಮನಾರ್ಹ. ಒಂದು, ೧೯೫೯ರ ಗ್ರಾಮ ಪಂಚಾಯಿತಿಗಳ ಮತ್ತು ಸ್ಥಳೀಯ ಮಂಡಲಿಗಳ ಕಾಯಿದೆ. ಗ್ರಾಮ ಪಂಚಾಯಿತಿ, ತಾಲ್ಲೂಕು ಮಂಡಲಿ, ಜಿಲ್ಲಾ ಅಭಿವೃದ್ಧಿ ಪರಿಷತ್ತು ಎಂಬ ಮೂರು ಹಂತಗಳ ವ್ಯವಸ್ಥೆಯನ್ನು ಅದು ಇಡೀ ರಾಜ್ಯಕ್ಕೆ ತಂದಿತು. ಎರಡು, ಹಿಂದುಳಿದ ವರ್ಗಗಳನ್ನು ಗುರುತಿಸಲು ೧೯೬೦ರಲ್ಲಿ ನೇಮಕವಾದ ಆರ್. ನಾಗನಗೌಡ ಸಮಿತಿ. ಆ ಸಮಿತಿಯ ವರದಿಯಿಂದ ಹುಟ್ಟಿದ ಸರ್ಕಾರಿ ಆಜ್ಞೆಗಳ ವಿವಾದವೇ ಮುಂದೆ ೧೯೬೩ರ ಬಾಲಾಜಿ ಪ್ರಕರಣವಾಗಿ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿ, ಮೀಸಲಾತಿಯ ಮಿತಿಯನ್ನು ಕುರಿತ ದೇಶವ್ಯಾಪಿ ಚರ್ಚೆಗೆ ತಳಹದಿಯಾಯಿತು. ಮೂರು, ಮೈಸೂರು ಭೂಸುಧಾರಣಾ ಕಾಯಿದೆ, ೧೯೬೧.

ಈ ಮೂರನೆಯದನ್ನು ಸ್ವಲ್ಪ ವಿವರವಾಗಿ ನೋಡುವುದು ಉಚಿತ. ಜತ್ತಿ ಸಮಿತಿಯ ವರದಿಯನ್ನು ಆಧರಿಸಿದ ಮಸೂದೆ ೧೯೫೮ರಲ್ಲಿ ಸದನಕ್ಕೆ ಬಂದು, ಜಂಟಿ ಆಯ್ಕೆ ಸಮಿತಿಗೆ ಹೋಗಿ, ೧೯೬೧ರಲ್ಲಿ ಅಂಗೀಕಾರವಾಯಿತು. ೧೯೬೨ರಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಜಾರಿಗೆ ಬಂದುದು ೧೯೬೫ರ ಅಕ್ಟೋಬರ್ ೨ರಂದು. ಹೀಗೆ ಸಮಿತಿಯ ವರದಿಗೂ ಕಾಯಿದೆಯ ಜಾರಿಗೂ ನಡುವೆ ಎಂಟು ವರ್ಷಗಳು ಸಂದವು. ಭೂಮಿಯನ್ನು ಕೈಬದಲಿಸಿ ಕಾಗದಪತ್ರ ಸರಿಪಡಿಸಿಕೊಳ್ಳಲು ಬೇಕಾದವರಿಗೆ ಎಂಟು ವರ್ಷಗಳ ಅವಕಾಶ ದೊರೆಯಿತೆಂದೇ ಇದರ ಅರ್ಥ. ಕಾಯಿದೆಯಲ್ಲಿ ಕುಟುಂಬವೊಂದರ ಗರಿಷ್ಠ ಹಿಡುವಳಿ ೨೭ ಪ್ರಮಾಣಿತ ಎಕರೆ. ಕೆಳದರ್ಜೆಯ ಖುಷ್ಕಿ ಭೂಮಿಯಾದರೆ ಅದು ೨೧೬ ಎಕರೆಯವರೆಗೂ ಹೋಗುತ್ತಿತ್ತು. ಸ್ವಂತ ಸಾಗುವಳಿಯ ಹೆಸರಿನಲ್ಲಿ ಗೇಣಿ ಭೂಮಿಯ ಒಂದು ಭಾಗವನ್ನು ಮರಳಿ ಪಡೆಯುವ ಹಕ್ಕು ಒಡೆಯನಿಗೆ ಉಳಿದಿತ್ತು. ವ್ಯಾಜ್ಯಗಳ ತೀರ್ಮಾನ ನ್ಯಾಯಾಲಯದ ಪದ್ಧತಿಯನ್ನು ಅನುಸರಿಸುತ್ತಿತ್ತು.

೧೯೭೪ರಲ್ಲಿ ದೇವರಾಜ ಅರಸರ ಸರ್ಕಾರ ಇದೇ ಕಾಯಿದೆಗೆ ತಂದ ತಿದ್ದುಪಡಿಯೊಡನೆ ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಮರಳಿ ಪಡೆಯುವ ಹಕ್ಕನ್ನು ಅರಸರ ತಿದ್ದುಪಡಿ ತೆಗೆದುಹಾಕಿತು. ಗೇಣಿ ಭೂಮಿಯನ್ನು ಸರ್ಕಾರದಲ್ಲಿ ನಿಹಿತಗೊಳಿಸಿತು. ತಾಲ್ಲೂಕು ಮಟ್ಟದಲ್ಲಿ ಭೂನ್ಯಾಯಮಂಡಲಿಗಳನ್ನು ರಚಿಸಿ, ಅಲ್ಲಿ ವಕೀಲರ ವಾದಕ್ಕೆ ಆಸ್ಪದವಿಲ್ಲವೆಂದಿತು. ವಕೀಲರಾದ ಜತ್ತಿಯವರ ಕಾಯಿದೆ ವಕೀಲರಿಗೆ ಕೆಲಸವನ್ನು ಉಳಿಸಿತ್ತೆಂಬ ಟೀಕೆಗೆ ಆಧಾರವಿದೆ. ಆದರೆ ಚರಿತ್ರೆಯ ಕ್ರಮದಲ್ಲಿ ನೋಡಿದಾಗ ಇನ್ನೊಂದು ಅಂಶವೂ ಕಾಣುತ್ತದೆ. ಐದು ಕಾನೂನುಗಳನ್ನು ಒಂದಾಗಿಸಿದ ೧೯೬೧ರ ಕಾಯಿದೆಯೇ ಇಲ್ಲದಿದ್ದರೆ ಅರಸರಿಗೆ ತಿದ್ದಲು ಒಂದು ಕಾಯಿದೆ ಇರುತ್ತಿರಲಿಲ್ಲ. ಗೇಣಿದಾರನಿಗೆ ೧೯೭೪ರಲ್ಲಿ ದೊರೆತುದು ೧೯೬೧ರಲ್ಲಿಯೇ ದೊರೆಯಬಹುದಾಗಿತ್ತು ಎಂಬುದೂ ಅಷ್ಟೇ ನಿಜ. ಆ ಹದಿಮೂರು ವರ್ಷಗಳಲ್ಲಿ ಒಕ್ಕಲೆಬ್ಬಿಸಲ್ಪಟ್ಟವರ ಪಾಲಿಗೆ ಸೌಮ್ಯವಾದ ಸುಧಾರಣೆಯ ಬೆಲೆ ಕಡಿಮೆಯದಲ್ಲ.

೧೯೬೨ರ ಚುನಾವಣೆಯಲ್ಲಿ ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತರು, ಜತ್ತಿಯವರು ಜಮಖಂಡಿಯಲ್ಲಿ ಗೆದ್ದರು. ಆದರೂ ಮುಖ್ಯಮಂತ್ರಿ ಪದವಿ ಜತ್ತಿಯವರಿಗೆ ಮರಳಿ ಒಲಿಯಲಿಲ್ಲ. ಎಸ್.ಆರ್. ಕಂಠಿಯವರು ಕೆಲಕಾಲ ಮುಖ್ಯಮಂತ್ರಿಯಾಗಿದ್ದು, ಬಾಗಲಕೋಟೆಯ ಉಪಚುನಾವಣೆಯಲ್ಲಿ ಗೆದ್ದುಬಂದ ನಿಜಲಿಂಗಪ್ಪನವರಿಗೆ ಜೂನ್‌ನಲ್ಲಿ ಸ್ಥಾನ ಬಿಟ್ಟುಕೊಟ್ಟರು. ಜತ್ತಿಯವರು ಅದೇ ನಿಜಲಿಂಗಪ್ಪನವರ ಸಂಪುಟದಲ್ಲಿ ಅರ್ಥಸಚಿವರಾಗಿ, ಮುಂದೆ ಆಹಾರ ಸಚಿವರಾಗಿ ಕೆಲಸಮಾಡಿದರು. ನಾಯಕರಾಗಿದ್ದವರು ಮತ್ತೊಬ್ಬರ ಕೈಕೆಳಗೆ ಸಚಿವರಾಗಿ ಮುಂದುವರಿದುದರಲ್ಲಿ ದಿವಾನಗಿರಿಯಿಂದ ವಕೀಲಿಗೆ ಮರಳಿದ ಹಳೆಯ ಸ್ವಭಾವವನ್ನೇ ಕಾಣಬಹುದು.

೫. ರಾಜಭವನಗಳಲ್ಲಿ

೧೯೬೮ರಲ್ಲಿ ಜತ್ತಿಯವರು ಪಾಂಡಿಚೇರಿಯ ಲೆಫ್ಟಿನೆಂಟ್ ಗವರ್ನರ್ ಆದರು. ೧೯೭೨ರ ನವೆಂಬರ್‌ನಲ್ಲಿ ಒರಿಸ್ಸಾದ ರಾಜ್ಯಪಾಲರಾದರು. ಕರ್ನಾಟಕದ ಕಾಂಗ್ರೆಸ್ ೧೯೬೯ರಲ್ಲಿ ಇಬ್ಭಾಗವಾಗಿ, ನಿಜಲಿಂಗಪ್ಪನವರು ಒಂದು ಬಣದ ಅಖಿಲ ಭಾರತ ನಾಯಕರಾಗಿ ನಿಂತ ಕಾಲದಲ್ಲಿ ಜತ್ತಿಯವರು ಸಕ್ರಿಯ ರಾಜಕಾರಣದಿಂದ ದೂರದಲ್ಲಿದ್ದರು.

ಒರಿಸ್ಸಾದ ಅವಧಿ ಈ ಲೇಖನದ ದೃಷ್ಟಿಯಿಂದ ಮಹತ್ವದ್ದು. ೧೯೭೩ರ ಮಾರ್ಚ್ ೧ರಂದು ಪಕ್ಷಾಂತರಗಳಿಂದ ದುರ್ಬಲಗೊಂಡ ನಂದಿನಿ ಸತ್ಪತಿಯವರ ಸರ್ಕಾರ ರಾಜೀನಾಮೆ ನೀಡಿತು. ಬಿಜು ಪಟ್ನಾಯಕರು ವಿರೋಧ ಪಕ್ಷಗಳ ಪರವಾಗಿ ಬಹುಮತವಿದೆಯೆಂದು ಹಕ್ಕು ಮಂಡಿಸಿದರು. ರಾಜ್ಯಪಾಲರು ಅವರನ್ನು ಸರ್ಕಾರ ರಚನೆಗೆ ಕರೆಯಲಿಲ್ಲ. ಮಾರ್ಚ್ ೩ರಂದು ರಾಷ್ಟ್ರಪತಿ ಆಳ್ವಿಕೆ ಜಾರಿಗೆ ಬಂದು ವಿಧಾನಸಭೆ ವಿಸರ್ಜನೆಯಾಯಿತು. ವಿವಾದ ಒರಿಸ್ಸಾ ಉಚ್ಚ ನ್ಯಾಯಾಲಯದವರೆಗೆ ಹೋಯಿತಾದರೂ ಘೋಷಣೆ ರದ್ದಾಗಲಿಲ್ಲ. ಬಹುಮತದ ಪರೀಕ್ಷೆ ಸದನದಲ್ಲಿಯೇ ನಡೆಯಬೇಕೆಂಬ ಇಂದಿನ ನ್ಯಾಯಿಕ ನಿಲುವಿನಿಂದ ನೋಡಿದರೆ ಜತ್ತಿಯವರ ಈ ಕ್ರಮವನ್ನು ಸಮರ್ಥಿಸುವುದು ಕಷ್ಟ. ಆ ಕಾಲದ ಹಲವು ರಾಜ್ಯಪಾಲರಂತೆ ಅವರೂ ಕೇಂದ್ರದ ಒಲವಿಗೆ ಅನುಗುಣವಾಗಿ ನಡೆದರೆಂಬ ಅಭಿಪ್ರಾಯಕ್ಕೆ ಇದು ಎಡೆಗೊಟ್ಟಿತು. ಒಂದು ಚುನಾಯಿತ ಸದನದ ವಿಸರ್ಜನೆಯಲ್ಲಿ ಜತ್ತಿಯವರ ಪಾತ್ರವಿದ್ದುದು ಇದೇ ಮೊದಲು. ನಾಲ್ಕು ವರ್ಷಗಳ ತರುವಾಯ ಒಂಬತ್ತು ಸದನಗಳ ಕಡತ ಅವರ ಮೇಜಿಗೆ ಬಂದಿತು.

೬. ದೆಹಲಿ: ೧೯೭೪–೧೯೭೯

೧೯೭೪ರ ಆಗಸ್ಟ್‌ನಲ್ಲಿ ನಡೆದ ಉಪರಾಷ್ಟ್ರಪತಿ ಚುನಾವಣೆಯಲ್ಲಿ ಜತ್ತಿಯವರು ಝಾರ್ಖಂಡ್ ಪಕ್ಷದ ನಿರಲ್ ಎನೆಮ್ ಹೋರೋ ಅವರನ್ನು ೧೪೧ಕ್ಕೆ ಎದುರಾಗಿ ೫೨೧ ಮತಗಳಿಂದ ಸೋಲಿಸಿದರು. ಆಗಸ್ಟ್ ೩೧ರಿಂದ ಐದು ವರ್ಷ ಮೌಲಾನಾ ಆಜಾದ್ ರಸ್ತೆಯ ಆರನೆಯ ಸಂಖ್ಯೆಯ ಬಂಗಲೆ ಅವರ ನಿವಾಸವಾಯಿತು. ರಾಜ್ಯಸಭೆಯ ಸಭಾಪತಿತ್ವವೂ ಅವರದಾಯಿತು.

ಈ ಸಭಾಪತಿತ್ವದ ನಡುವೆಯೇ ೧೯೭೫ರ ಜೂನ್ ೨೫ರ ತುರ್ತುಪರಿಸ್ಥಿತಿ ಬಂದಿತು. ಹಲವು ವಿರೋಧಿ ಸದಸ್ಯರು ಸೆರೆಮನೆಯಲ್ಲಿದ್ದಾಗ ಸದನ ನಡೆಯಿತು. ೧೯೭೬ರ ಆಗಸ್ಟ್ ೧೦ರಂದು, ಸಭಾಪತಿಗಳು ಅಗಲಿದವರಿಗೆ ಸಂತಾಪ ಸೂಚಿಸುತ್ತಿದ್ದ ಹೊತ್ತಿನಲ್ಲಿ, ತಲೆಮರೆಸಿಕೊಂಡಿದ್ದ ಸದಸ್ಯ ಸುಬ್ರಮಣಿಯನ್ ಸ್ವಾಮಿಯವರು ಹಠಾತ್ತನೆ ಎದ್ದುನಿಂತು, ಮೃತರ ಪಟ್ಟಿಯಲ್ಲಿ ಪ್ರಜಾಪ್ರಭುತ್ವವೂ ಸೇರಬೇಕೆಂಬರ್ಥದ ಮಾತನಾಡಿ ಹೊರನಡೆದ ಪ್ರಸಂಗ ಪ್ರಸಿದ್ಧವಾಗಿದೆ. ಆ ನವೆಂಬರ್‌ನಲ್ಲಿ ಸದನ ಅವರ ಸದಸ್ಯತ್ವವನ್ನು ರದ್ದುಪಡಿಸಿತು. ಅದೇ ತಿಂಗಳು ನಲವತ್ತೆರಡನೆಯ ಸಂವಿಧಾನ ತಿದ್ದುಪಡಿಯೂ ರಾಜ್ಯಸಭೆಯಲ್ಲಿ ಅಂಗೀಕಾರವಾಯಿತು. ಈ ಅವಧಿಯುದ್ದಕ್ಕೂ ಜತ್ತಿಯವರು ಪೀಠದ ಕಾರ್ಯವನ್ನು ನಡೆಸಿಕೊಂಡು ಹೋದರು. ಚೌಕಟ್ಟಿನೊಳಗೆ ಕೆಲಸಮಾಡುವ ಸ್ವಭಾವ, ಚೌಕಟ್ಟೇ ಬಿಗಿಯಾದಾಗ ಮೌನವಾಗಿ ಪರಿಣಮಿಸುತ್ತದೆ ಎಂಬುದಕ್ಕೆ ಈ ಅವಧಿ ನಿದರ್ಶನ.

ಆ ತಿದ್ದುಪಡಿಯ ಒಂದು ಅಂಶ ಮುಂದಿನ ಕಥೆಗೆ ಅತ್ಯಗತ್ಯ. ಸಂವಿಧಾನದ ೭೪ನೆಯ ಅನುಚ್ಛೇದದ ಪ್ರಕಾರ ರಾಷ್ಟ್ರಪತಿಗೆ ಸಲಹೆ ನೀಡಲು ಮಂತ್ರಿಮಂಡಲವಿರುತ್ತದೆ. ಆ ಸಲಹೆಯಂತೆ ರಾಷ್ಟ್ರಪತಿ ನಡೆಯತಕ್ಕದ್ದು ಎಂಬ ಕಡ್ಡಾಯದ ಮಾತನ್ನು ನಲವತ್ತೆರಡನೆಯ ತಿದ್ದುಪಡಿ ಸೇರಿಸಿತು. ಸಲಹೆಯನ್ನು ಮರಳಿ ಕಳುಹಿಸಿ ಪುನಃ ಆಲೋಚಿಸಿರೆಂದು ಕೇಳಲು ಅದರಲ್ಲಿ ಅವಕಾಶ ಹೇಳಿರಲಿಲ್ಲ.

೧೯೭೭ರ ಫೆಬ್ರವರಿ ೧೧ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ನಿಧನರಾದರು. ಜತ್ತಿಯವರು ಹಂಗಾಮಿ ರಾಷ್ಟ್ರಪತಿಯಾದರು. ಮಾರ್ಚ್‌ನ ಚುನಾವಣೆಯಲ್ಲಿ ಕಾಂಗ್ರೆಸ್ ಸೋತಿತು. ಮಾರ್ಚ್ ೨೧ರಂದು ಆಂತರಿಕ ತುರ್ತುಪರಿಸ್ಥಿತಿ ಕೊನೆಗೊಂಡಿತು. ಮಾರ್ಚ್ ೨೪ರಂದು ಮೊರಾರ್ಜಿ ದೇಸಾಯಿಯವರು ಪ್ರಧಾನಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಒಂದು ಕಾಲದ ಮುಖ್ಯಮಂತ್ರಿಗೆ ಅವರ ಉಪಮಂತ್ರಿಯಾಗಿದ್ದವರೇ ಪ್ರಮಾಣವಚನ ಬೋಧಿಸಿದಂತಾಯಿತು.

ಹೊಸ ಸರ್ಕಾರದ ಮುಂದಿದ್ದ ಪ್ರಶ್ನೆ ಕಾಂಗ್ರೆಸ್ ಆಳ್ವಿಕೆಯ ರಾಜ್ಯಗಳದು. ಬಿಹಾರ, ಹರಿಯಾಣ, ಹಿಮಾಚಲ ಪ್ರದೇಶ, ಮಧ್ಯಪ್ರದೇಶ, ಒರಿಸ್ಸಾ, ಪಂಜಾಬ್, ರಾಜಸ್ಥಾನ, ಉತ್ತರ ಪ್ರದೇಶ, ಪಶ್ಚಿಮ ಬಂಗಾಳ ಈ ಒಂಬತ್ತು ರಾಜ್ಯಗಳಲ್ಲಿ ಲೋಕಸಭೆಗೆ ಕಾಂಗ್ರೆಸ್ ದಯನೀಯವಾಗಿ ಸೋತಿತ್ತು. ಆದರೆ ವಿಧಾನಸಭೆಗಳಲ್ಲಿ ಅದರದೇ ಬಹುಮತವಿತ್ತು. ಏಪ್ರಿಲ್ ೧೮ರಂದು ಗೃಹಸಚಿವ ಚರಣ್ ಸಿಂಗ್ ಅವರು ಆ ಮುಖ್ಯಮಂತ್ರಿಗಳಿ​ಗೆ ಪತ್ರ ಬರೆದು, ವಿಸರ್ಜನೆಗೆ ತಾವೇ ಶಿಫಾರಸು ಮಾಡುವಂತೆ ಸೂಚಿಸಿದರು. ಕೆಲವು ರಾಜ್ಯಗಳು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದವು. ಏಳು ನ್ಯಾಯಾಧೀಶರ ಪೀಠ ಏಪ್ರಿಲ್ ೨೯ರಂದು ಅವುಗಳ ಮನವಿಯನ್ನು ಏಕಮತದಿಂದ ತಳ್ಳಿಹಾಕಿತು. ಕಾರಣಗಳನ್ನು ಮೇ ೬ರಂದು ನೀಡಿತು.

ಇದರ ಹಿಂದೆ ಇನ್ನೊಂದು ಲೆಕ್ಕವೂ ಇತ್ತು. ತೆರವಾದ ರಾಷ್ಟ್ರಪತಿ ಸ್ಥಾನವನ್ನು ಆರು ತಿಂಗಳೊಳಗೆ, ಅಂದರೆ ಆಗಸ್ಟ್‌ನ ಎರಡನೆಯ ವಾರದೊಳಗೆ ತುಂಬಬೇಕಾಗಿತ್ತು. ಆ ಚುನಾವಣೆಯಲ್ಲಿ ವಿಧಾನಸಭೆಗಳ ಸದಸ್ಯರೂ ಮತದಾರರು. ಮುಂದಿನ ರಾಷ್ಟ್ರಪತಿಯನ್ನು ಹಳೆಯ ಸದನಗಳು ಆರಿಸಬೇಕೇ ಹೊಸ ಸದನಗಳೇ ಎಂಬುದು ವಿಸರ್ಜನೆಯ ದಿನಾಂಕವನ್ನು ಅವಲಂಬಿಸಿತ್ತು.

ಸಂಪುಟದ ಸಲಹೆ ಹಂಗಾಮಿ ರಾಷ್ಟ್ರಪತಿಗೆ ಹೋಯಿತು. ಜತ್ತಿಯವರು ಕೂಡಲೇ ಸಹಿ ಮಾಡಲಿಲ್ಲ. ಸಂಪುಟ ತನ್ನ ನಿಲುವನ್ನು ಮತ್ತೆ ದೃಢಪಡಿಸಿದ ಮೇಲೆ ಏಪ್ರಿಲ್ ೩೦ರಂದು ಘೋಷಣೆಗಳಿಗೆ ಅಂಕಿತ ಬಿದ್ದಿತು. ಒಟ್ಟು ತಡ ಒಂದು ದಿನದ ಆಸುಪಾಸಿನದು. ಆದರೂ ಗಣರಾಜ್ಯದ ಚರಿತ್ರೆಯಲ್ಲಿ ಅದು ಗಂಭೀರ ಬಿಕ್ಕಟ್ಟೆಂದು ದಾಖಲಾಗಿದೆ. ಪಕ್ಷನಿಷ್ಠೆಯೇ ತಡಕ್ಕೆ ಕಾರಣವೆಂಬ ಆಕ್ಷೇಪ ಆಗಲೇ ಕೇಳಿಬಂದಿತು. ತುರ್ತುಪರಿಸ್ಥಿತಿಯಲ್ಲಿ ಮೌನವಾಗಿದ್ದವರಿಗೆ, ಒರಿಸ್ಸಾದಲ್ಲಿ ವಿಸರ್ಜನೆಗೆ ಹಿಂಜರಿಯದವರಿಗೆ, ಈಗೇಕೆ ಹಿಂಜರಿಕೆ ಎಂಬ ಪ್ರಶ್ನೆ ನ್ಯಾಯವಾದುದೇ.

ಆದರೆ ವ್ಯಕ್ತಿಯ ಮನೋಗತವನ್ನು ಊಹಿಸುವುದು ಚರಿತ್ರೆಯ ಕೆಲಸವಲ್ಲ. ಎತ್ತಲ್ಪಟ್ಟ ಪ್ರಶ್ನೆಯ ಯೋಗ್ಯತೆಯನ್ನು ಅಳೆಯುವುದು ಅದರ ಕೆಲಸ. ಲೋಕಸಭೆಯ ಚುನಾವಣೆಯಲ್ಲಿ ಸೋತ ಮಾತ್ರಕ್ಕೆ ರಾಜ್ಯದ ಸದನವೊಂದು ಜನಾದೇಶ ಕಳೆದುಕೊಳ್ಳುತ್ತದೆಯೇ? ೩೫೬ನೆಯ ಅನುಚ್ಛೇದದಡಿಯ ಘೋಷಣೆಗೆ ಸಂಸತ್ತಿನ ಎರಡೂ ಸದನಗಳ ಒಪ್ಪಿಗೆ ಎರಡು ತಿಂಗಳೊಳಗೆ ಬೇಕು. ರಾಜ್ಯಸಭೆಯಲ್ಲಿ ಆಗಲೂ ಕಾಂಗ್ರೆಸ್ಸಿಗೆ ಬಹುಮತವಿತ್ತು. ಒಪ್ಪಿಗೆಗೆ ಮೊದಲೇ ಸದನ ವಿಸರ್ಜನೆಯಾದರೆ ಆ ಒಪ್ಪಿಗೆಗೆ ಏನು ಅರ್ಥ ಉಳಿಯುತ್ತದೆ? ಈ ಪ್ರಶ್ನೆಗಳನ್ನು ಎತ್ತಿದವರು ಯಾರೇ ಆಗಿರಲಿ, ಅವು ಪ್ರಶ್ನೆಗಳೇ.

ಉತ್ತರ ನಿಧಾನವಾಗಿ ಬಂದಿತು. ಜನತಾ ಸರ್ಕಾರವೇ ತಂದ ನಲವತ್ತನಾಲ್ಕನೆಯ ತಿದ್ದುಪಡಿ, ಸಲಹೆಯನ್ನು ಒಮ್ಮೆ ಮರುಪರಿಶೀಲನೆಗೆ ಕಳುಹಿಸುವ ಅಧಿಕಾರವನ್ನು ರಾಷ್ಟ್ರಪತಿಗೆ ಸ್ಪಷ್ಟವಾಗಿ ನೀಡಿತು. ಅದಕ್ಕೆ ಅಂಕಿತ ದೊರೆತುದು ೧೯೭೯ರ ಏಪ್ರಿಲ್ ೩೦ರಂದು, ಒಂಬತ್ತು ಘೋಷಣೆಗಳಿಗೆ ಸಹಿ ಬಿದ್ದ ಎರಡು ವರ್ಷಗಳಿಗೆ ಸರಿಯಾಗಿ. ಜತ್ತಿಯವರು ಅಧಿಕಾರವಿಲ್ಲದೆ ತೆಗೆದುಕೊಂಡ ಒಂದು ದಿನವನ್ನು ಕಾನೂನು ಮುಂದಿನವರಿಗೆ ಹಕ್ಕಾಗಿ ಕೊಟ್ಟಿತು. ಆ ಹಕ್ಕನ್ನು ಬಳಸಿ ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಅವರು ೧೯೯೭ರಲ್ಲಿ ಉತ್ತರ ಪ್ರದೇಶದ ಮತ್ತು ೧೯೯೮ರಲ್ಲಿ ಬಿಹಾರದ ವಿಷಯದಲ್ಲಿ ಸಂಪುಟದ ಶಿಫಾರಸುಗಳನ್ನು ಮರಳಿ ಕಳುಹಿಸಿದರು. ಇನ್ನು ಸಂಸತ್ತಿನ ಒಪ್ಪಿಗೆಗೆ ಮೊದಲು ಸದನವನ್ನು ವಿಸರ್ಜಿಸುವಂತಿಲ್ಲವೆಂಬ ತೀರ್ಪು ೧೯೯೪ರ ಮಾರ್ಚ್ ೧೧ರಂದು ಒಂಬತ್ತು ನ್ಯಾಯಾಧೀಶರ ಪೀಠದಿಂದ ಬಂದಿತು. ಆ ಪ್ರಕರಣ ೧೯೮೯ರಲ್ಲಿ ವಜಾಗೊಂಡ ಕರ್ನಾಟಕದ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿಯವರ ಹೆಸರಿನದು. ೩೫೬ನೆಯ ಅನುಚ್ಛೇದದ ಚರಿತ್ರೆಯಲ್ಲಿ ಹೀಗೆ ಉತ್ತರ ಕರ್ನಾಟಕದ ಇಬ್ಬರ ಹೆಸರುಗಳು ಸೇರಿಕೊಂಡಿವೆ. ಒಬ್ಬರು ವಿಸರ್ಜನೆಗೆ ಸಹಿ ಹಾಕಬೇಕಾಗಿ ಬಂದವರು, ಇನ್ನೊಬ್ಬರು ವಿಸರ್ಜನೆಗೆ ಗುರಿಯಾದವರು.

ಜೂನ್‌ನಲ್ಲಿ ಹೊಸ ವಿಧಾನಸಭೆಗಳು ಚುನಾಯಿತವಾದವು. ನೀಲಂ ಸಂಜೀವರೆಡ್ಡಿಯವರು ಅವಿರೋಧವಾಗಿ ಆಯ್ಕೆಯಾಗಿ ಜುಲೈ ೨೫ರಂದು ರಾಷ್ಟ್ರಪತಿಯಾದರು. ಜತ್ತಿಯವರು ಉಪರಾಷ್ಟ್ರಪತಿ ಪದವಿಗೆ ಮರಳಿ, ೧೯೭೯ರ ಆಗಸ್ಟ್ ೩೦ರಂದು ನಿವೃತ್ತರಾದರು.

೭. ಬಸವ ಸಮಿತಿ

ಜತ್ತಿಯವರ ಸಾರ್ವಜನಿಕ ಜೀವನದ ಇನ್ನೊಂದು ಧಾರೆಯನ್ನು ಹೇಳದಿದ್ದರೆ ಚಿತ್ರ ಅಪೂರ್ಣವಾಗುತ್ತದೆ. ೧೯೬೪ರಲ್ಲಿ, ಅಂದರೆ ಮುಖ್ಯಮಂತ್ರಿ ಪದವಿ ಕೈತಪ್ಪಿದ ಎರಡು ವರ್ಷಗಳ ಮೇಲೆ, ಅವರು ಬೆಂಗಳೂರಿನಲ್ಲಿ ಬಸವ ಸಮಿತಿಯನ್ನು ಸ್ಥಾಪಿಸಿದರು. ವಚನ ಸಾಹಿತ್ಯವನ್ನು ಕನ್ನಡದ ಆಚೆಗೆ ಒಯ್ಯುವುದು ಅದರ ಮುಖ್ಯ ಉದ್ದೇಶಗಳಲ್ಲಿ ಒಂದಾಗಿತ್ತು. ಅವರ ನಿಧನದ ಹತ್ತು ವರ್ಷಗಳ ಮೇಲೆ, ೨೦೧೨ರಲ್ಲಿ, ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಬಂದ ವಚನಗಳ ಬಹುಭಾಷಾ ಅನುವಾದ ಯೋಜನೆ ಅದೇ ಸಮಿತಿಯ ಪ್ರಕಟಣೆ. ಮಧ್ಯಕಾಲೀನ ಕನ್ನಡವನ್ನು ದೆಹಲಿಯಂಥ ಊರಿನಲ್ಲಿ ಬೋಧಿಸುವವರಿಗೆ ಹಿಂದಿ, ಪಂಜಾಬಿ, ಉರ್ದು ಓದುಗರ ಮುಂದಿಡಲು ಒಂದು ಪಠ್ಯ ಇರುವುದರ ಬೆಲೆ ತಿಳಿದೇ ಇದೆ. ಪದವಿಗಳಿಗಿಂತ ಹೆಚ್ಚು ಕಾಲ ಬಾಳುವ ಕೆಲಸವಿದು.

ಬಸವಣ್ಣನವರನ್ನು ಪರಂಪರೆ ಬಿಜ್ಜಳನ ಭಂಡಾರಿ ಎಂದು ನೆನೆಯುತ್ತದೆ. ಅರಸನ ಅಧಿಕಾರದೊಳಗೆ ಇದ್ದುಕೊಂಡು ಅರಸನಿಗಿಂತ ಮೇಲಿನ ನಿಷ್ಠೆಯನ್ನು ಕಾಪಾಡಿಕೊಳ್ಳುವುದು ಹೇಗೆಂಬ ಪ್ರಶ್ನೆ ಕಲ್ಯಾಣದ ಕಥನದ ನಡುವೆಯೇ ಇದೆ. ಅಧಿಕಾರಸ್ಥಾನಗಳಲ್ಲಿ ಜೀವನ ಕಳೆದ ರಾಜಕಾರಣಿಯೊಬ್ಬರು ಈ ಪರಂಪರೆಯನ್ನು ಆರಿಸಿಕೊಂಡುದು ಆಕಸ್ಮಿಕವೆನಿಸುವುದಿಲ್ಲ. ಆ ಆದರ್ಶಕ್ಕೂ ಅವರ ನಡೆಗೂ ಇದ್ದ ಅಂತರವನ್ನು ಹಿಂದಿನ ಪುಟಗಳು ಮರೆಮಾಚಿಲ್ಲ.

೮. ಉಪಸಂಹಾರ

ಜತ್ತಿಯವರು ೨೦೦೨ರ ಜೂನ್ ೭ರಂದು ಬೆಂಗಳೂರಿನಲ್ಲಿ ನಿಧನರಾದರು. ಅವರ ಜೀವನದ ದತ್ತಿಯ ಸಾಲುಗಳನ್ನು ಒಟ್ಟಿಗೆ ಓದಿದಾಗ ಸಿಗುವ ಚಿತ್ರ ಹೀಗಿದೆ: ಒಂದು ಸಂಸ್ಥಾನದ ಶಾಂತವಾದ ವಿಲೀನ, ಐದು ಗೇಣಿ ಕಾನೂನುಗಳ ಏಕೀಕರಣ, ಆದರೆ ಒಡೆಯರಿಗೆ ಅನುಕೂಲವಾದ ವಿನಾಯಿತಿಗಳೊಡನೆ, ಒರಿಸ್ಸಾದಲ್ಲಿ ಪರೀಕ್ಷೆಯಾಗದೆ ಉಳಿದ ಒಂದು ಬಹುಮತ, ತುರ್ತುಪರಿಸ್ಥಿತಿಯ ಮೌನ, ಏಪ್ರಿಲ್ ೧೯೭೭ರ ಒಂದು ದಿನದ ತಡೆ. ಇವುಗಳಲ್ಲಿ ಕೊನೆಯದು ಉಳಿದವಕ್ಕೆ ಹೊಂದುವುದಿಲ್ಲವೆಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಆ ತಡೆಯೂ ಅಂಕಿತದಲ್ಲಿಯೇ ಕೊನೆಗೊಂಡಿತು ಎಂಬುದನ್ನು ಮರೆಯಬಾರದು. ಚೌಕಟ್ಟನ್ನು ಮುರಿಯದೆ ಅದರ ಅಂಚಿನವರೆಗೆ ಹೋಗಿ ನಿಂತು ಮರಳುವುದು ಜಮಖಂಡಿಯ ದಿವಾನರ ಸ್ವಭಾವಕ್ಕೆ ಸಾಧ್ಯವಿದ್ದ ದೂರ. ಅಷ್ಟು ದೂರ ಅವರು ಹೋದರು.

ವಿಜಯನಗರದ ತಾಮ್ರಶಾಸನಗಳ ಕೊನೆಯಲ್ಲಿ ಅರಸನ ಒಪ್ಪ ದೇವರ ಹೆಸರಿನಲ್ಲಿರುತ್ತದೆ. ತೀರ್ಮಾನ ಅರಸನದೇ ಆಗಿರುತ್ತದೆ. ನಮ್ಮ ಗಣರಾಜ್ಯದಲ್ಲಿ ಒಪ್ಪ ರಾಷ್ಟ್ರಪತಿಯದು, ತೀರ್ಮಾನ ಸಂಪುಟದ್ದು. ಈ ಎರಡರ ನಡುವೆ ಯೋಚನೆಗೆ ಎಷ್ಟು ಹೊತ್ತು ಇರಬೇಕೆಂಬುದು ಪ್ರಾಂತಗಳ ಚುನಾಯಿತ ಸದನಗಳ ಆಯುಷ್ಯಕ್ಕೆ ಸಂಬಂಧಿಸಿದ ಪ್ರಶ್ನೆ. ಅದನ್ನು ಪ್ರಾಂತೀಯ ರಾಜಕಾರಣದಿಂದಲೇ ಬಂದ ಕನ್ನಡಿಗರೊಬ್ಬರು, ಉದ್ದೇಶ ಯಾವುದೇ ಇದ್ದಿರಲಿ, ದೇಶದ ಮುಂದಿಟ್ಟರು. ಜತ್ತಿಯವರ ಬಗೆಗೆ ಬರೆಯುವ ಮುಂದಿನ ಚರಿತ್ರಕಾರರು ಪದವಿಗಳ ಪಟ್ಟಿಗಿಂತ ಈ ಪ್ರಶ್ನೆಗೆ ಹೆಚ್ಚಿನ ಸ್ಥಳವನ್ನು ಕೊಡುವುದು ಯುಕ್ತ.